ಹಳ್ಳದ ಈಚಲು

ಪಾವಗಡದ ಕಡೆಯ ನಮ್ಮ ಪಂಚಾಯ್ತಿ ಆಫೀಸು ಗುಡಿಸುತ್ತಿದ್ದ ಕೆಲಸದ ಅಮ್ಮ ಏನು ಹೇಳಿದರೂ ಕೊನೆಗೆ "ಬರ್ಕಳಿ ಸಾ" ಅನ್ನುತ್ತಿದ್ದರು. ಅವರಿಗೆ ಓದು ಬಾರದು. ಬರೆದದ್ದನ್ನು ಓದಿಸಿ ಕೇಳದೆ ಬಿಡುತ್ತಿರಲಿಲ್ಲ.

ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನೆಲ್ಲ ದಾಖಲಿಸುವ ಜೀವವೈವಿಧ್ಯ ಪುಸ್ತಕ ತುಂಬುತ್ತಿದ್ದವನು ನಾನು. "ಹಳ್ಳದ ಈಚಲು, ಉಪಯೋಗ ಇಲ್ಲ" ಎಂದು ಓದಿಕೊಂಡದ್ದು ಅವರ ಕಿವಿಗೆ ಬಿತ್ತು. ಗುಡಿಸುತ್ತಿದ್ದ ಪೊರಕೆಯನ್ನು ತಂದು ಆ ಪುಟದ ಮೇಲೇ ಇಟ್ಟರು.

"ಇದು ಅದೇ ಈಚಲು ಗರೀದು. ನೀವು ಇಂಗೆ ಬರದ್ರೆ ನಾಳೆ ಕಡುದು ಹಾಕ್ತಾರೆ. ಸರಿಯಾಗಿ ಬರ್ಕಳಿ ಸಾ."

ನಾನು ನಕ್ಕುಬಿಟ್ಟೆ. ಮೂರು ದಿನ ಅವರು ಬಂದು ಮೆಟ್ಟಿಲ ಮೇಲೆ ಕೂತರೇ ಹೊರತು ಪೊರಕೆ ಮುಟ್ಟಲಿಲ್ಲ. ನಾಲ್ಕನೇ ದಿನ ಹಳೆಯದನ್ನು ಹೊಡೆದುಹಾಕಿ ಬರೆದೆ, ಓದಿ ಹೇಳಿದೆ: ಪೊರಕೆ, ಚಾಪೆ, ಬುಟ್ಟಿ, ಹಣ್ಣು.

ಅಮ್ಮ ಏಳಲಿಲ್ಲ.

"ಗೀಜಗ ಗೂಡು ಕಟ್ಟೋದು ಎಲ್ಲಿ? ಬರೀ ನಮ್ದೇ ಬರದ್ರೆ ಆಯ್ತಾ?"

ಅದನ್ನೂ ಬರೆದು ಓದಿದೆ. ಆಮೇಲೆ ಪೊರಕೆ ಹಿಡಿದು ಸೀದಾ ನನ್ನ ಮೇಜಿನ ಹತ್ತಿರ ಬಂದರು.

"ಕಾಲೆತ್ತಿ ಸಾ."