ಅಕ್ಕನ ಜಾಲಿ

ಅಕ್ಕ ನನ್ನನ್ನು ಕೇಳಿಕೊಂಡಿದ್ದು ಒಂದೇ ಮಾತು. ಅದನ್ನು ನಾನು ನಡೆಸಿಕೊಡಲಿಲ್ಲ. ಮೊನ್ನೆ ಪಕ್ಕದ ಹೊಲದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಗೂಡಿನಿಂದ ಎಲೆ ಬೇಯುವ ಘಾಟು ಬಂತು. ಮುಂದಿದ್ದ ಅನ್ನ ಬಿಟ್ಟು ಎದ್ದೆ...

ಅಕ್ಕನನ್ನು ಅಂತರಸಂತೆ ಕಡೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಹನಗೋಡಿಗೆ, ನಮ್ಮ ಮನೆಗೇ ವಾಪಸ್ ಬಂದಳು. ಬರುವಾಗ ಡಬ್ಬದಲ್ಲಿ ಒಂದು ಜಾಲಿ ಸಸಿ ತಂದಿದ್ದಳು. ನಮ್ಮಲ್ಲಿ ಎಲ್ಲೆಂದರಲ್ಲಿ ಬೆಳೆಯುವ ಕರಿಜಾಲಿಯಲ್ಲ ಅದು. ಎಲೆ ಇನ್ನೂ ಸಣ್ಣದು, ಹೂವು ಬೆಣ್ಣೆ ಬಣ್ಣ. ಅಂತರಸಂತೆಯ ಕಾಡಂಚಿನಲ್ಲೂ ಅಪರೂಪವೇ. ಅವಳ ಅತ್ತೆ ಕಾಪಾಡಿಕೊಂಡಿದ್ದ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು, ಉಳಿದದ್ದು ಈ ಸಸಿ. ಬದುವಿನಲ್ಲಿ ನೆಟ್ಟು, ಮೇಕೆ ಬಾಯಿಂದ ಉಳಿಸಿ ಬೆಳೆಸಿದಳು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಕಾಯಿ ಕಚ್ಚಿತು. ಆಗಲೇ ಅವಳು ಆಪರೇಷನ್ನಿಗೆಂದು ಮೈಸೂರಿಗೆ ಹೊರಡಬೇಕಾಯಿತು.

"ಕಾಯಿ ಒಣ್ಗೋಗಂಟ ಮುಟ್ಬೇಡ ಕಣ್ಲಾ. ಬೀಜ ಸಿಕ್ರೆ ಇನ್ನೊಂದಷ್ಟು ಗಿಡ ಆಯ್ತವೆ."

"ಊಂ ಬುಡಕ್ಕ, ನಾನೇನ್ ಮೇಕೆನಾ?" ಅಂದು ನಕ್ಕಿದ್ದೆ.

ಆ ವರ್ಷ ನಮ್ಮ ಹೊಗೆಸೊಪ್ಪಿಗೆ ಹುಳ ಬಿದ್ದಿತ್ತು. ದೀಪಕ್ಕೆ ಮುತ್ತುವ ಅದೇ ಕಂದು ಪತಂಗ ಎಲೆಯಡಿ ಮೊಟ್ಟೆಯಿಡುವುದು, ನಾನು ಔಷಧಿ ಹೊಡೆಯುವುದು, ಅದು ಮತ್ತೆ ಬರುವುದು. ಉಳಿದ ಎಲೆ ಕಟ್ಟಿ ಬ್ಯಾರನ್ನಿಗೆ ಏರಿಸಿದೆ. ನಡುವೆ ಸೌದೆ ಮುಗಿಯಿತು. ಉರಿ ಇಳಿದರೆ ಎಲೆ ಕಪ್ಪಾಗುತ್ತದೆ. ಕೊಡಲಿ ಹಿಡಿದು ಬದುವಿಗೆ ಹೋದೆ. ಅಕ್ಕನ ಜಾಲಿ ಕಡಿದು, ಹಸಿ ಕಾಯಿ ಸಮೇತ ಬ್ಯಾರನ್ನಿನ ಒಲೆಗೆ ತುರುಕಿದೆ. ಹಸಿ ಮರ... ಉರಿಗಿಂತ ಹೊಗೆಯೇ ಹೆಚ್ಚು. ಎಲೆ ಹೇಗೂ ಕೆಟ್ಟಿತು.

ಅಕ್ಕ ಆಸ್ಪತ್ರೆಯಿಂದ ಬಂದವಳು ನೇರ ಬದುವಿಗೇ ಹೋದಳು. ಕಡಿದು ಉಳಿದ ಬೊಡ್ಡೆಯನ್ನು ನೋಡುತ್ತಾ ನಿಂತಳು.

"ಅಷ್ಟ್ ಔಷ್ದಿ ಒಡ್ದೆ, ಆ ಚಿಟ್ಟೆ ವಂಶ ತೀರ್ಸಕ್ಕಾಗ್ಲಿಲ್ಲ ನಿನ್ ಕೈಲಿ. ಒಂದೇ ಒಂದ್ ಇದ್ದುದ್ದ ಮಾತ್ರ ಒಂದೇ ಬೆಳಿಗ್ಗೆಲಿ ತೀರಿಸ್ಬುಟ್ಟೆ. ಭಾರಿ ಗಂಡ್ಸು ಕಣ್ಲಾ."

"ಒಂದ್ ಮುಳ್ ಗಿಡಕ್ಕೆ ಇಷ್ಟ್ ರಂಪನಾ?" ಅಂದುಬಿಟ್ಟೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಕೈಗೆ ತಟ್ಟೆ ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಬೊಡ್ಡೆ ಚಿಗುರಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಅಂತರಸಂತೆ ಸುತ್ತಲ ಕಾಡುಜನರ ಹಾಡಿಗಳಲ್ಲೆಲ್ಲ ಕೇಳಿದೆ. ವಯಸ್ಸಾದವರು ಆ ಗಿಡವನ್ನು ಬಲ್ಲರು, ತೋರಿಸಲು ಮಾತ್ರ ಯಾರ ಹತ್ತಿರವೂ ಇಲ್ಲ.

ಇವತ್ತು ಬೆಳಿಗ್ಗೆ ಅವಳನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಹೋಗಿ ಕೂತೆ. ಯಾರಿಗೂ ಹೇಳದಿದ್ದುದನ್ನು ಬಾಯಿಬಿಟ್ಟು ಹೇಳಿದೆ.

"ಚಿಕ್ಕಪ್ಪನ ಮನೆ ಹಿತ್ಲಲ್ಲಿ ಒಣ ಸೌದೆ ಇತ್ತು ಕಣಕ್ಕ. ಅವನ ಜೊತೆ ಮಾತು ಬಿಟ್ಟಿದ್ನಲ್ಲ, ಹೋಗಿ ಕೇಳಕ್ಕೆ ಜಂಬ ಅಡ್ಡ ಬಂತು. ಅದ್ಕೇ ನಿನ್ ಗಿಡ ಕಡ್ದೆ. ತಪ್ಪಾಯ್ತು ಕಣಕ್ಕ."