ಸತ್ತದ್ದೇ ಮುಚ್ಚಿದ ನಲ್ಲಿ

ಇಂಡೊನೇಷ್ಯಾದ ಸುರಬಾಯದಲ್ಲಿರುವ ನಮ್ಮ ಸೋಯಾ ಸಾಸ್ ಕಾರ್ಖಾನೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ನಾವೆಲ್ಲ ‘ಬು’, ಅಂದರೆ ಅಮ್ಮ, ಎನ್ನುವ ಸುಮಿಯಾತಿ, ಪ್ರೋಗ್ರಾಮಿನಲ್ಲಿ ಒಂದೊಂದು ಕೆಲಸಕ್ಕೆಂದು ಹುಟ್ಟಿಸುವ ಯಾವ ಆಬ್ಜೆಕ್ಟಿಗೂ ಹುಟ್ಟಿಗಿಂತ ಮೊದಲು ಸಾವನ್ನು ಬರೆಯುವವರು. ಸಾಯುವಾಗ ಆಬ್ಜೆಕ್ಟು ತಾನು ತೆರೆದದ್ದನ್ನೆಲ್ಲ ಮುಚ್ಚಿ ಹೊರಡುವಂತೆ ಮಾಡುವ ಆ ಸಾಲುಗಳಿಗೆ ಡಿಸ್ಟ್ರಕ್ಟರ್ ಎಂದು ಹೆಸರು. ಅದನ್ನು ಮರೆತವನನ್ನು ಎಂಜಲು ತಟ್ಟೆ ಬಿಟ್ಟು ಎದ್ದವನಂತೆ ನೋಡುತ್ತಾರೆ. “ತೆಗೆದಿದ್ದು ನೀನು, ಮುಚ್ಚೋಕೆ ನಿಮ್ಮತ್ತೆ ಬರ್ತಾರಾ?” ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕೆಂಬುದು ಅವರ ಮಡಿ, ಊಟದ ಡಬ್ಬಿಗಳನ್ನೂ ಹಾಗೆಯೇ ಮುಚ್ಚುತ್ತಾರೆ, ಚಹಾ ಕುಡಿದ ಲೋಟವನ್ನು ಬಿಸಿ ಆರುವ ಮುಂಚೆ ತೊಳೆದಿಡುತ್ತಾರೆ. ನಾವು ಬೆನ್ನ ಹಿಂದೆ ಅವರನ್ನು ಯಮನ ಗುಮಾಸ್ತೆ ಎನ್ನುತ್ತಿದ್ದೆವು. ಹೋದ ವಾರ ಬಾಟಲಿ ತುಂಬಿಸಲು ಅವರು ಬರೆದ ಹೊಸ ಪ್ರೋಗ್ರಾಂ ನಡುವೆಯೇ ಎಡವಿ ಬಿತ್ತು. ಹಳೆಯ ಪ್ರೋಗ್ರಾಂ ಹೀಗೆ ಬಿದ್ದಾಗ ನಲ್ಲಿ ತೆರೆದೇ ಉಳಿದು ನೆಲವೆಲ್ಲ ಸಾಸ್ ಹರಿದಿತ್ತು. ಆ ನೆನಪಿಗೇ ಬಕೆಟ್ಟು ಹಿಡಿದು ಓಡಿದೆವು. ನೆಲ ಒಣಗಿಯೇ ಇತ್ತು. ನಾವು ‘ಪಾಕ್’, ಅಂದರೆ ಅಪ್ಪ, ಎನ್ನುವ ಮ್ಯಾನೇಜರ್ ಹರ್ಸೋಯೊ ನಲ್ಲಿಯನ್ನು ಮುಟ್ಟಿ ನೋಡಿದರು. “ಯಾರ್ರೀ ಇದನ್ನ ಮುಚ್ಚಿದ್ದು?” “ಸತ್ತಿತಲ್ಲ ಪ್ರೋಗ್ರಾಂ, ಅದೇ ಮುಚ್ಚಿ ಸತ್ತಿದೆ, ಪಾಕ್,” ಎಂದರು ಬು ಸುಮಿಯಾತಿ. ಇಡೀ ಪಾಳಿ ಬಕೆಟ್ಟು ಬಡಿದು ಕುಣಿಯಿತು. ಅವರೂ ಕುಣಿದರು, ಆ ಗದ್ದಲದಲ್ಲಿ ಚಹಾದ ಲೋಟವನ್ನು ತೊಳೆಯದೆ ಮೇಜಿನ ಮೇಲೆ ಬಿಟ್ಟೇ ಮನೆಗೆ ಹೋದರು. ಅದನ್ನು ತೊಳೆಯಲು ನಾನು ತಾನು ಎಂದು ನಾವು ಕಿತ್ತಾಡಿದೆವು.