ನಮ್ಮ ಬ್ಯಾಂಡಿನ ಬದಲಿಗೆ ಬಂದ ಡಬರಿ

ಮಧ್ಯಾಹ್ನ ಮೂರಕ್ಕೆ ಢಣ್ ಎಂಬ ಸದ್ದಿಗೆ ಎಚ್ಚರವಾಯಿತು, ಗೆಳೆಯರೇ. ರಾತ್ರಿಯಿಡೀ ಅತ್ತ ಕೂಸು, ಜೊತೆಗೆ ನಾನು, ಆಗಷ್ಟೇ ಮಲಗಿದ್ದೆವು. ಅತ್ತೆ ಹೊಸ ಸ್ಟೀಲ್ ಡಬರಿಯನ್ನು ಬಡಿದು ನೋಡುತ್ತಿದ್ದರು.

"ನಿನ್ನ ಹಳೇ ಜಾಕೀಟಿಗೆ ಭಾಂಡೇದಾಕಿ ಕೊಟ್ಲು ನೋಡವಾ!"

ಹಳೇ ಬಟ್ಟೆಗೆ ಪಾತ್ರೆ ಕೊಡುವಾಕೆಯ ಪಾಲಾದ ಆ ಕಪ್ಪು ಜಾಕೆಟ್ಟಿನ ಒಳಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಕಾಲೇಜಿನಲ್ಲಿ ನಾವು ನಾಲ್ವರು ಕಟ್ಟಿದ, ಒಂದು ವರ್ಷವೂ ಬಾಳದ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಒಂದೇ ಒಂದು ರೆಕಾರ್ಡಿಂಗ್ ಅದರಲ್ಲಿದೆ. ಇಪ್ಪತ್ತು ನಿಮಿಷದ ಹಾಡು, ಕೀಬೋರ್ಡ್ ನನ್ನದು.

"ಕಾಲೇಜಿನ ಗ್ಯಾದರಿಂಗ್ ಫಂಕ್ಷನ್‌ನ್ಯಾಗ ಅರ್ಧಕ್ಕ ಕರೆಂಟ್ ತಗದ್ರಂತಲ್ಲ, ಅದ ಹಾಡೇನು?" ಎಂದರು ಅತ್ತೆ.

"ಹೌದ್ರಿ. ಪೂರ್ತಿ ಬಾರಿಸಿದ್ದು ಅದರಾಗ ಮಾತ್ರ ಐತ್ರಿ."

"ಹಂಗಾರ ಹುಡುಕು ಹೋಗು. ಕೂಸು ನನ್ನ ಕಡೆ ಇರ್ಲಿ. ಡಬರಿ ಮಾತ್ರ ವಾಪಸ್ ಕೊಡಂಗಿಲ್ಲ."

ಬಸ್ ಸ್ಟ್ಯಾಂಡಿಗೆ ಓಡಿದೆ. ಆಕೆ ಆಗಲೇ ಮುನವಳ್ಳಿ ಬಸ್ಸು ಹತ್ತಿಯಾಗಿತ್ತು. ಆಕೆಯ ಬಟ್ಟೆಗಂಟು ನಾಳೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಮಾರಾಟಕ್ಕೆ ಹೋಗುತ್ತದೆ ಎಂದರು ಚಹದಂಗಡಿಯವರು. ಹಾಗಾದರೆ ನಾನೂ ಹುಬ್ಬಳ್ಳಿಗೇ, ಕೂಸಿನ ಸಮೇತ.

ಆದರೆ ಮುನವಳ್ಳಿಯವರೇ, ಹಳೇ ಬಟ್ಟೆಗೆ ಭಾಂಡೆ ಕೊಡುವ ಆಕೆಯ ಮನೆ ನಿಮಗೆ ಗೊತ್ತಿದ್ದರೆ, ಕೈ ಮುಗಿಯುತ್ತೇನೆ, ಎಷ್ಟು ಹೊತ್ತಾಗಿದ್ದರೂ ಸರಿ, ಕೂಸಿನ ಕೃಪೆಯಿಂದ ನಾನು ಎಚ್ಚರವೇ ಇರುತ್ತೇನೆ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.